ಬಚ್ಚಲ ಹಿಂದಿನ ಪೆಟ್ಟಿಗೆ

ಕೆಂಗೇರಿ
11 ಆಗಸ್ಟ್ 2024, ಭಾನುವಾರ

ಅಣ್ಣ,

ನಾವೆಲ್ಲ ಚೆನ್ನಾಗಿದ್ದೇವೆ ಅಂತ ಶುರು ಮಾಡಿದರೆ ನೀನು ಅಲ್ಲಿಗೇ ಕಾಗದ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತೀಯ. ಅದಕ್ಕೆ ಮೊದಲು ಸತ್ತವರ ಸುದ್ದಿ. ನೀನು ಬಿಟ್ಟುಹೋದ ನಾಲ್ಕು ಜೇನುಪೆಟ್ಟಿಗೆಗಳಲ್ಲಿ ಎರಡು ಮುಗಿದವು. ತೆಂಗಿನ ಬುಡದ್ದು ಹೋದ ವಾರ, ನೀರಿನ ತೊಟ್ಟಿಯ ಹತ್ತಿರದ್ದು ಮೊನ್ನೆ. ಇನ್ನು ಉಳಿದಿರುವುದು ಗೇಟಿನ ಪಕ್ಕದ್ದು ಮತ್ತು ಬಚ್ಚಲ ಹಿಂದಿನದು.

ನಮ್ಮ ಕಾಗದ ಒಯ್ದು ತರುವ ನಿನ್ನ ಲಾರಿಯ ಬಸಪ್ಪಣ್ಣ ನಗುತ್ತಾನೆ. "ಈ ಕಾಲದಲ್ಲಿ ಯಾರಮ್ಮ ಕಾಗದ ಬರೀತಾರೆ, ವಾಟ್ಸಾಪ್ ಇಲ್ವಾ?" ಅಂತ. ಇದೆ ಸ್ವಾಮಿ. ಆದರೆ ನಿನ್ನ ಹೊಲದಲ್ಲಿ ಸಿಗ್ನಲ್ ಇಲ್ಲ. ಅಪ್ಪಿತಪ್ಪಿ ಸಿಕ್ಕಿದರೆ ಅಮ್ಮ ಫೋನ್ ಕಿತ್ತುಕೊಂಡು "ಸಿದ್ದು, ಯಾವಾಗ ಬರ್ತೀಯಪ್ಪಾ" ಅಂತ ಅಳುತ್ತಾಳೆ, ನೀನು ಕಟ್ ಮಾಡುತ್ತೀಯ, ಆಮೇಲೆ ಸಮಾಧಾನ ಮಾಡುವ ಕರ್ಮ ನನ್ನದು. ಕಾಗದವಾದರೆ ಅಮ್ಮನಿಗೆ ಓದಲು ಬರುವುದಿಲ್ಲ. ಅದೊಂದು ಅನುಕೂಲ.

ನೀನು ಹೇಳಿದಂತೆ, ನುಸಿ ಸಾಯಲಿ ಅಂತ ಪೆಟ್ಟಿಗೆಯೊಳಗೆ ತೂಗುಹಾಕುವ ಔಷಧಿ ಪಟ್ಟಿ ಒಂದನ್ನೂ ಹಾಕಿಲ್ಲ. "ಪಟ್ಟಿಗೆ ನುಸಿ ಬಗ್ತಾ ಇಲ್ಲ ಕಣೇ, ಇನ್ನು ಹುಳಾನೇ ನುಸೀನ ಸೋಲಿಸ್ಬೇಕು. ಹಾಗೆ ಸೋಲಿಸೋ ಒಂದು ರಾಣಿ ಸಿಕ್ಕಿದ್ರೆ ನನ್ನ ನಲವತ್ತು ಪೆಟ್ಟಿಗೆಗೂ ಅವಳ ಮಕ್ಕಳನ್ನೇ ಕೂರಿಸ್ತೀನಿ. ಸಿಗ್ಲಿಲ್ಲಾ, ಜೇನಿಗೇ ಕೈಮುಗಿದುಬಿಡ್ತೀನಿ" ಅಂದೆಯಲ್ಲ, ಅದನ್ನು ನೆನೆಸಿಕೊಂಡೇ ಸುಮ್ಮನಿದ್ದೇನೆ. ಸುಮ್ಮನಿರುವುದು ಎಷ್ಟು ಕಷ್ಟ ಗೊತ್ತಾ ನಿನಗೆ? ಗೇಟಿನ ಪೆಟ್ಟಿಗೆಯ ಮುಂದೆ ರೆಕ್ಕೆ ಮುದುಡಿದ ಹುಳಗಳು ನೆಲದ ಮೇಲೆ ತೆವಳುತ್ತವೆ. ಬೆನ್ನ ಮೇಲೆ ರಾಗಿಕಾಳಿನಷ್ಟು ಕೆಂಪು ನುಸಿ ಕೂತಿರುವುದು ಬರಿಗಣ್ಣಿಗೇ ಕಾಣುತ್ತದೆ. ಸಕ್ಕರೆ ಪರೀಕ್ಷೆಯನ್ನೂ ಮಾಡಿದೆ. ಬಾಟಲಿಗೆ ಅರ್ಧ ಲೋಟ ಹುಳ ಹಾಕಿ, ಸಕ್ಕರೆ ಪುಡಿ ಸುರಿದು ಅಲ್ಲಾಡಿಸಿ, ಜಾಲರಿ ಮುಚ್ಚಳದಿಂದ ಬಿಳಿ ಕಾಗದದ ಮೇಲೆ ಉದುರಿಸಿದರೆ ಎಣಿಸಲಾರದಷ್ಟು ನುಸಿ. ಅಮ್ಮ ನೋಡಿ, "ನಮ್ಗೆ ಕಾಫಿಗೆ ಸಕ್ಕರೆ ಹಿಡಿದು ಹಾಕ್ತೀಯ, ಹುಳಕ್ಕೆ ಅಭಿಷೇಕ ಮಾಡ್ತೀಯ" ಅಂದಳು.

ಬಚ್ಚಲ ಹಿಂದಿನದರ ಅವಸ್ಥೆ ಬೇರೆ. ಪ್ರತಿ ಬೆಳಿಗ್ಗೆ ಅದರ ಬಾಗಿಲ ಮುಂದೆ ಬಿಳಿ ಮರಿಗಳು ಬಿದ್ದಿರುತ್ತವೆ. ರೆಕ್ಕೆಯೂ ಮೂಡದ ಕೂಸುಗಳು. ಒಳಗಿನ ಹುಳಗಳೇ ಎಳೆದು ತಂದು ಹೊರಗೆ ಹಾಕುತ್ತವೆ. ಅಮ್ಮನಿಗೆ ಗುಡಿಸಿ ಗುಡಿಸಿ ಸಾಕಾಗಿದೆ. "ಮಕ್ಕಳನ್ನ ಹೊರಗೆ ಹಾಕೋ ಮನೆ ಇದು, ದರಿದ್ರದ್ದು. ಗುಡಿಸೋದು ಬಿಟ್ಟು ಇನ್ನೇನೂ ಮಾಡಲ್ಲ ನಾನು ಇದಕ್ಕೆ" ಅಂದು ಒಳಗೆ ಹೋದವಳು ಬಹಳ ಹೊತ್ತು ಆಚೆಗೆ ಬರಲಿಲ್ಲ. ಅಪ್ಪ ನಿನ್ನ ಬ್ಯಾಗನ್ನು ಗೇಟಿನಾಚೆ ಇಟ್ಟ ದಿನವೂ ಅವಳು ಆ ಬಚ್ಚಲ ಗೋಡೆಗೇ ಒರಗಿ ನಿಂತಿದ್ದಳು. ಇದನ್ನು ಬರೆಯಬಾರದಿತ್ತೇನೋ. ಬರೆದಾಯಿತು.

ಸುಮಾ

*

ಗುಂಡ್ಲುಪೇಟೆ ಹತ್ತಿರ, ಸೂರ್ಯಕಾಂತಿ ಹೊಲ
1 ಸೆಪ್ಟೆಂಬರ್ 2024

ಸುಮಿ,

ಎರಡು ಸತ್ತವು ಅಂತ ಮುಖ ಊದಿಸಿಕೊಂಡು ಕೂರಬೇಡ. ಸಾಯುವುದು ಸಾಯಲಿ, ಗಟ್ಟಿಯಾದದ್ದು ನಿಲ್ಲಲಿ ಅಂತಲೇ ಅಲ್ಲಿ ಬಿಟ್ಟದ್ದು. ಗೇಟಿನದನ್ನು ಮುಟ್ಟಬೇಡ. ಕನಿಕರ ಬಂದರೂ ಮುಟ್ಟಬೇಡ. ಒಂದು ಸಲ ಕೈಹಾಕಿದರೆ ಅದು ತಾನಾಗಿ ಗೆದ್ದಿತೋ ನಾವು ಗೆಲ್ಲಿಸಿದೆವೋ ಅಂತ ಯಾವತ್ತಿಗೂ ಗೊತ್ತಾಗುವುದಿಲ್ಲ.

ಬಚ್ಚಲ ಹಿಂದಿನದರ ಮೇಲೆ ಆಸೆ ಇಟ್ಟುಕೊಳ್ಳಬೇಡ. ಮರಿಗಳನ್ನು ಎಸೆಯುತ್ತಿದೆ ಅಂದರೆ ಒಳಗೆ ಬೇರೆ ಯಾವುದೋ ರೋಗ ಹೊಕ್ಕಿದೆ. ಇವತ್ತಲ್ಲ ನಾಳೆ ಹೋಗುತ್ತದೆ.

ಇಲ್ಲಿ ಹೂವಿಗೆ ಬರವಿಲ್ಲ, ನನಗೇ ನಿದ್ದೆ ಇಲ್ಲ. ಹೋದ ವಾರ ಎಲ್ಲ ಪೆಟ್ಟಿಗೆಗೂ ಹೊಸ ಪಟ್ಟಿ ಹಾಕಿದೆ. ನಿನ್ನೆ ತೆಗೆದು ನೋಡಿದರೆ ನುಸಿಗಳು ಅದೇ ಪಟ್ಟಿಯ ಮೇಲೆ ಓಡಾಡುತ್ತಿವೆ.

ಬ್ಯಾಗಿನ ವಿಷಯ ಇನ್ನೊಂದು ಸಲ ಬರೆದರೆ ನಿನ್ನ ಕಾಗದ ಒಡೆಯುವುದೂ ಇಲ್ಲ. ರಾಜಾಜಿನಗರದ ಫ್ಯಾಕ್ಟರಿ ಕೆಲಸ ಬಿಟ್ಟು ಹುಳದ ಹಿಂದೆ ಹೋಗುವ ಮಗ ಬೇಡ ಅಂದರು ಅಪ್ಪ. ಈಗ ಅವರೂ ಇಲ್ಲ. ಬಂದೆ, ಕಾರ್ಯ ಮುಗಿಸಿದೆ, ನಾಲ್ಕು ಪೆಟ್ಟಿಗೆ ನಿನಗೆ ಒಪ್ಪಿಸಿ ಹೊರಟೆ. ಅಮ್ಮ ಎಲ್ಲಿ ಒರಗಿ ನಿಂತಿದ್ದಳು ಅಂತ ನಾನು ತಿರುಗಿ ನೋಡಲಿಲ್ಲ. ಅವಳ ದನಿ ಮಾತ್ರ ಕೇಳಲಿಲ್ಲ, ಅಷ್ಟು ಗೊತ್ತು.

ಸಿದ್ದೇಶ್

*

ಕೆಂಗೇರಿ
3 ನವೆಂಬರ್ 2024, ಭಾನುವಾರ

ಅಣ್ಣ,

ನಿಂತಿದ್ದರೆ ಕೂತ್ಕೋ. ಗೇಟಿನ ಪೆಟ್ಟಿಗೆ ಎದ್ದು ನಿಂತಿದೆ!

ಮೊದಮೊದಲು ನಾನೇ ನಂಬಲಿಲ್ಲ. ದಸರಾ ಹೊತ್ತಿಗೆ ತೆವಳುವ ಹುಳ ಕಡಿಮೆಯಾದವು. ಆಮೇಲೆ ಒಂದೂ ಇಲ್ಲ. ವಾರವೆಲ್ಲ ವಿಜಯನಗರದ ವಕೀಲರ ಆಫೀಸಿನಲ್ಲಿ ಟೈಪ್ ಮಾಡಿ, ಮೆಟ್ರೋದಲ್ಲಿ ನೇತಾಡಿಕೊಂಡು ಬರುವವಳಿಗೆ ಪೆಟ್ಟಿಗೆ ತೆರೆಯಲು ಭಾನುವಾರವೊಂದೇ. ಹೋದ ಭಾನುವಾರ ಸಕ್ಕರೆ ಪರೀಕ್ಷೆಯಲ್ಲಿ ಎರಡೇ ನುಸಿ ಬಿದ್ದವು. ಇವತ್ತು ಒಂದು. ಅಣ್ಣ, ಒಂದೇ ಒಂದು! ಕಾಗದ ಹಿಡಿದುಕೊಂಡು ಅಂಗಳದಲ್ಲಿ ಕುಣಿದೆ. ಪಕ್ಕದ ಮನೆಯ ತನ್ಮಯಿ ಕಾಂಪೌಂಡಿನಿಂದ ಇಣುಕಿ, "ಏನಕ್ಕಾ, ಮದುವೆ ಗೊತ್ತಾಯ್ತಾ?" ಅಂದಳು. ನೀನು ಹೇಳಿದಂತೆ, ಪರೀಕ್ಷೆ ಬಿಟ್ಟರೆ ಬೆರಳು ಕೂಡ ಸೋಕಿಸಿಲ್ಲ. ನೋಡಿದೆ, ಮುಚ್ಚಿದೆ, ಅಷ್ಟೆ.

ಅಮ್ಮನೂ ಗೆಲುವಾಗಿದ್ದಾಳೆ. ನಿನ್ನ ಹುಳ ಅಂದರೆ ಮೂಗು ಮುರಿಯುತ್ತಿದ್ದವಳು ಈಗ ಗೇಟಿನ ಹತ್ತಿರ ಹೋಗಿ "ಹೇಗಿದೀರ್ರಪ್ಪಾ" ಅಂತ ಮಾತಾಡಿಸುತ್ತಾಳೆ. ತನ್ಮಯಿಯ ಕೂಸಿಗೆ ಶೀತ ಅಂತ ದಿನಾ ಓಂಕಾಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಾಳೆ. ಮನೆ, ಅಂಗಳ, ಅವಳ ಕೈ, ಎಲ್ಲ ಅದೇ ಘಾಟು. ಒಟ್ಟಿನಲ್ಲಿ ಕೈಗೆ ಕೆಲಸ ಸಿಕ್ಕಿದೆ, ಅಳು ಕಡಿಮೆಯಾಗಿದೆ.

ಬಚ್ಚಲ ಹಿಂದಿನದು ಹೇಗಿತ್ತೋ ಹಾಗೇ ಇದೆ. ಸಾಯಲಿಲ್ಲ, ಮೈ ತುಂಬಿಕೊಳ್ಳಲೂ ಇಲ್ಲ. ನುಸಿ ಅಷ್ಟೇನೂ ಬೀಳುವುದಿಲ್ಲ, ಆದರೆ ಮರಿ ಎಸೆಯುವುದು ನಿಂತಿಲ್ಲ. ಅದನ್ನು ಕಂಡರೆ ನನಗೂ ಬೇಜಾರು.

ಸುಮಾ

*

ಗುಂಡ್ಲುಪೇಟೆ ಹತ್ತಿರ
2 ಡಿಸೆಂಬರ್ 2024

ಸುಮಿ, ನನ್ನ ಬಂಗಾರಿ,

ನಿನ್ನ ಕಾಗದ ಬಂದಾಗಿನಿಂದ ದಿನಕ್ಕೆರಡು ಸಲ ಓದುತ್ತಿದ್ದೇನೆ. ಡೇರೆಯಲ್ಲಿ ಜೊತೆಗಿರುವ ತಮ್ಮಣ್ಣ "ಏನ್ ಗುರು, ಲವ್ ಲೆಟರಾ?" ಅಂತ ಕಿಚಾಯಿಸುತ್ತಾನೆ. ಹೂಂ ಅಂದೆ.

ಈಗ ಗಮನವಿಟ್ಟು ಓದು. ಗೇಟಿನ ಪೆಟ್ಟಿಗೆಯಿಂದ ಮೊಟ್ಟೆ ಇರುವ ಒಂದು ಫ್ರೇಮನ್ನು, ಹುಟ್ಟು ಕಟ್ಟಿದ ಆ ಮರದ ಚೌಕಟ್ಟನ್ನು ಹಾಗೇ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸಪ್ಪಣ್ಣನ ಕೈಯಲ್ಲಿ ಕಳಿಸು. ಆ ಮೊಟ್ಟೆಗಳಿಂದಲೇ ರಾಣಿಗಳನ್ನು ಸಾಕಿ ನಲವತ್ತಕ್ಕೂ ಕೂರಿಸುತ್ತೇನೆ. ಮುಂದಿನ ವರ್ಷ ಒಂದು ಪಟ್ಟಿಯನ್ನೂ ಹಾಕುವುದಿಲ್ಲ. ಹಾಕಿದರೆ ನಂಬಲಿಲ್ಲ ಅಂತಾಗುತ್ತದೆ.

ಎರಡನೆಯದು, ಬಚ್ಚಲ ಹಿಂದಿನ ರಾಣಿಯನ್ನು ಹಿಡಿದು ಹಿಸುಕಿಬಿಡು. ಅದರ ಗಂಡುಹುಳಗಳು ಗೇಟಿನವಳ ಸಂತಾನದ ಜೊತೆ ಕೂಡಿಕೊಂಡರೆ ತಳಿ ಕೆಡುತ್ತದೆ. ರಾಣಿ ಹೋದ ಮೇಲೆ ಹುಳಗಳು ಹೊಸ ರಾಣಿ ಸಾಕಲು ಕಡಲೆಕಾಯಿಯಂಥ ಗೂಡು ಕಟ್ಟುತ್ತವೆ. ವಾರ ಬಿಟ್ಟು ಅವನ್ನೂ ಕಿತ್ತುಹಾಕಿ, ಗೇಟಿನದರ ಮೊಟ್ಟೆ ಫ್ರೇಮ್ ಕೊಡು. ಅಯ್ಯೋ ಪಾಪ ಅನ್ನಬೇಡ. ರೋಗದ ರಾಣಿ ಅದು.

ಸಿದ್ದೇಶ್

*

ಕೆಂಗೇರಿ
15 ಜನವರಿ 2025

ಅಣ್ಣ,

ಫ್ರೇಮ್ ತಲುಪಿತು ಅಂತ ಬಸಪ್ಪಣ್ಣ ಹೇಳಿದ. ಬಚ್ಚಲ ಹಿಂದಿನದಕ್ಕೆ ನೀನು ಹೇಳಿದ್ದೆಲ್ಲ ಮಾಡಿದೆ. ಹೇಗೆ ಮಾಡಿದೆ ಅಂತ ಕೇಳಬೇಡ. ಇನ್ನೊಂದು ಸಲ ಇಂಥ ಕೆಲಸ ಹೇಳಬೇಡ.

ಸಂಕ್ರಾಂತಿಗೆ ನಿನ್ನ ಪಾಲಿನ ಎಳ್ಳುಬೆಲ್ಲ ಡಬ್ಬಿಯಲ್ಲಿದೆ. ಬಸಪ್ಪಣ್ಣ ತಿನ್ನದಿದ್ದರೆ ನಿನಗೆ ಸಿಗುತ್ತದೆ.

ಸುಮಾ

*

ನಿಲಂಬೂರು ಕಡೆ, ರಬ್ಬರ್ ತೋಟ
9 ಮಾರ್ಚ್ 2025

ಸುಮಿ,

ಎಳ್ಳುಬೆಲ್ಲದ ಡಬ್ಬಿ ಖಾಲಿ ಬಂತು. ಇರಲಿ ಬಿಡು.

ರಬ್ಬರ್ ಚಿಗುರಿದೆ, ಎಲೆ ತೊಟ್ಟಿನಲ್ಲೆಲ್ಲ ಸಿಹಿ. ಹೊಸ ರಾಣಿಯರು ಮೊಟ್ಟೆ ಇಡುವ ರಭಸ ನೋಡಬೇಕು ನೀನು. ಸುತ್ತ ಬಿಡಾರ ಹೂಡಿರುವವರೆಲ್ಲ ಪಟ್ಟಿ ಹಾಕುತ್ತಿದ್ದಾರೆ. ನಾನು ಹಾಕಿಲ್ಲ. "ನಿನ್ಗೆ ತಲೆ ಕೆಟ್ಟಿದೆ ಮಗಾ" ಅಂತ ತಮ್ಮಣ್ಣ ಬೈದ. ನನ್ನ ತಂಗಿ ಒಂದೂ ತಪ್ಪಿಸದೆ ಭಾನುವಾರ ಭಾನುವಾರ ಪರೀಕ್ಷೆ ಮಾಡಿದ ತಳಿ ಇದು ಅಂದೆ.

ಯುಗಾದಿಗೆ ಬರುತ್ತೇನೆ ಅಂತ ಅಮ್ಮನಿಗೆ ಹೇಳು. ಬೇಡ, ಹೇಳಬೇಡ. ಬಂದೇ ನಿಂತುಬಿಡುತ್ತೇನೆ.

ಸಿದ್ದೇಶ್

*

ಕೆಂಗೇರಿ
11 ಮೇ 2025

ಅಣ್ಣ,

ಯುಗಾದಿ ಹೋಗಿ ತಿಂಗಳ ಮೇಲಾಯಿತು. ನೀನು ಹೇಳಬೇಡ ಅಂದರೂ ಹೇಳಿಬಿಟ್ಟಿದ್ದೆ, ನನ್ನ ಬಾಯಿಗೆ ಬೀಗವಿಲ್ಲ. ಅಮ್ಮ ಸಂಜೆಯವರೆಗೆ ಹೋಳಿಗೆ ಮುಚ್ಚಿಟ್ಟು ಕಾದಳು. ಬಸಪ್ಪಣ್ಣನನ್ನು ಕೇಳಿದರೆ ಮುಖ ತಿರುಗಿಸುತ್ತಾನೆ. ಏನಾಗಿದೆ? ಜಗಳವಾಡಬೇಕಾದರೆ ಜಗಳವಾಡು, ಬಾಯಿ ಮುಚ್ಚಿಕೊಂಡು ಮಾತ್ರ ಇರಬೇಡ.

ಸುಮಾ

*

ಗುಂಡ್ಲುಪೇಟೆ ಹತ್ತಿರ
22 ಜೂನ್ 2025

ಸುಮಿ,

ನಲವತ್ತರಲ್ಲಿ ಐದು ಉಳಿದಿವೆ. ಆ ಐದರ ಮುಂದೆಯೂ ಹುಳಗಳು ತೆವಳುತ್ತಿವೆ.

ಯುಗಾದಿಗೆ ಎರಡು ದಿನ ಇರುವಾಗ ಮೊದಲ ಮುದುಡಿದ ರೆಕ್ಕೆ ಕಂಡೆ. ಒಂದಲ್ಲವಾ, ಗೆಲ್ಲುತ್ತವೆ ಅಂದುಕೊಂಡೆ. ನಂಬಬೇಕು ಅಂತ ಹಟ ಹಿಡಿದೆ. ಸಾಲು ಸಾಲಾಗಿ ಹೋದವು. ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಪರೀಕ್ಷೆ ಮಾಡದೆ ಮಾಡಿದೆ ಅಂತ ಬರೆದಳೇನೋ ಅಂತ ಕೂಡ ಅಂದುಕೊಂಡೆ. ಅದನ್ನು ಬರೆದು ಹರಿದು ಹಾಕಿದೆ. ಈಗ ಸಿಟ್ಟಿಗೂ ಶಕ್ತಿ ಇಲ್ಲ. ಹೇಳು, ಗೇಟಿನ ಪೆಟ್ಟಿಗೆ ಹೇಗೆ ಗೆದ್ದಿತು? ಅದರ ಮಕ್ಕಳು ಯಾಕೆ ಗೆಲ್ಲಲಿಲ್ಲ?

ಇನ್ನೊಂದು ವಿಷಯ. ಡೇರೆಯ ಪಕ್ಕ ಹಳೆಯ ಹುಣಸೆಮರದ ಪೊಟರೆಯಲ್ಲಿ ತುಡುವೆ ಜೇನಿದೆ. ನಾವು ಸಾಕುವ ಹೊರದೇಶದ ದೊಡ್ಡ ಹುಳವಲ್ಲ, ನಮ್ಮ ನಾಡಿನ ಸಣ್ಣ ಹುಳ, ಯಾರೂ ಸಾಕಿದ್ದಲ್ಲ. ನನ್ನವು ಸಾಯುತ್ತಿರುವಾಗ ಅದು ಏನೂ ಆಗದಂತೆ ಓಡಾಡಿಕೊಂಡಿದೆ. ಹೊಟ್ಟೆ ಉರಿದು ಮರದ ಬುಡದಲ್ಲಿ ಕೂತೆ. ನೋಡನೋಡುತ್ತಲೇ ಒಂದು ಬಿಳಿ ಮರಿ ಮೇಲಿನಿಂದ ಬಿತ್ತು. ಎತ್ತಿ ನೋಡಿದರೆ ಅದರ ಹೊಟ್ಟೆಗೆ ನುಸಿ ಅಂಟಿಕೊಂಡಿದೆ. ಇನ್ನೊಂದು ಬಿತ್ತು, ಅದರಲ್ಲೂ ಇದೆ. ಆಮೇಲೆ ಅರ್ಥವಾಯಿತು. ನುಸಿ ಮರಿ ಬೆಳೆಯುವ ಪುಟ್ಟ ಕೋಣೆಯೊಳಗೆ ನುಗ್ಗಿ, ಮೇಣದ ಮುಚ್ಚಳದ ಮರೆಯಲ್ಲಿ ಪಿಳ್ಳೆ ಹಾಕುತ್ತದೆ. ತುಡುವೆ ಮುಚ್ಚಳದ ಮೇಲಿನಿಂದಲೇ ಮೂಸಿ ಕಂಡುಹಿಡಿದು, ತೆರೆದು, ಮರಿಯ ಸಮೇತ ಎಳೆದು ಬಿಸಾಡುತ್ತದೆ. ನುಸಿಯ ಸಂತಾನ ಅಲ್ಲಿಗೇ ನಿಂತಿತು. ಎಷ್ಟೋ ಕಾಲದಿಂದ ಅವು ಬದುಕಿರುವುದು ಹಾಗೆ.

ಮರಿ ಎಸೆಯುವುದು ರೋಗವಲ್ಲ ಸುಮಿ. ಅದೇ ಮದ್ದು. ನಾನು ಹುಡುಕುತ್ತಿದ್ದ ರಾಣಿ ನಮ್ಮ ಬಚ್ಚಲ ಹಿಂದೆಯೇ ಇದ್ದಳು, ನಾನೇ ಹಿಸುಕು ಅಂದೆ. ನೀನು ಹೇಳಿದ ಮಾತು ಕೇಳುವವಳೇ ಅಲ್ಲ, ಚಿಕ್ಕಂದಿನಿಂದ ಒಂದು ದಿನ ಕೇಳಿದವಳಲ್ಲ. ಹಿಸುಕಲಿಲ್ಲ ಅಂತ ಬರಿ. ಸುಳ್ಳು ಹೇಳಿದ್ದೆ ಅಂತ ಬರಿ. ನಿನ್ನ ಕಾಲಿಗೆ ಬೀಳುತ್ತೇನೆ.

ಸಿದ್ದೇಶ್

*

ಕೆಂಗೇರಿ
6 ಜುಲೈ 2025, ಭಾನುವಾರ

ಅಣ್ಣ,

ಬಸಪ್ಪಣ್ಣ ಅಮ್ಮನಿಗೆ ಎಲ್ಲ ಹೇಳಿಬಿಟ್ಟಿದ್ದಾನೆ. "ಮೊದ್ಲು ನಾನು ಹೇಳಿದ್ದು ಬರಿ, ಆಮೇಲೆ ನಿಂದು" ಅಂತ ಎದುರಿಗೇ ಕೂತಿದ್ದಾಳೆ. ಅವಳು ಅಂದದ್ದನ್ನು ಹಾಗೇ ಬರೆಯುತ್ತಿದ್ದೇನೆ.

"ಸಿದ್ದು, ನಿನ್ ಹುಳ ಎಲ್ಲಾ ಸಾಯ್ತಾವಂತೆ. ನೀನು ಊಟ ಬಿಟ್ಟಿದ್ದೀಯಂತೆ. ಹುಳಕ್ಕೋಸ್ಕರ ಊಟ ಬಿಡ್ತಾರೇನೋ? ಉಣ್ಣು. ಈಗ ನಾನು ಹೇಳೋ ಹಾಗೆ ಮಾಡು. ಒಂದು ಹಿಡಿ ಓಂಕಾಳು ತಗೋ, ಘಮ್ ಅನ್ನೋ ಹಾಗೆ ಹುರಿ, ಸ್ವಲ್ಪ ಜಜ್ಜಿ ಹಳೇ ಪಂಚೆ ಬಟ್ಟೇಲಿ ಗಂಟು ಕಟ್ಟು. ಪೆಟ್ಟಿಗೆ ಮುಚ್ಚಳ ಎತ್ತಿ ಒಳಗಿಡು. ನೀನು ಎಳೇ ಮಗು ಆಗಿದ್ದಾಗ ಎದೆ ಗೊರಗೊರ ಅಂದ್ರೆ ಇದೇ ಇಡ್ತಿದ್ದೆ. ಗೇಟಿನ ಪೆಟ್ಟಿಗೆ ಹುಳ ನೆಲದಲ್ಲಿ ಒದ್ದಾಡ್ತಿದ್ವಲ್ಲ, ನೋಡಕ್ಕಾಗ್ಲಿಲ್ಲ ಕಣೋ ನನ್ಗೆ. ಸುಮಿ ಮುಟ್ಬೇಡ ಅಂತಾಳೆ ಅಂತ ಅವಳು ಆಫೀಸಿಗೆ ಹೋದ್ಮೇಲೆ ಇಡ್ತಿದ್ದೆ, ಬರೋ ಹೊತ್ತಿಗೆ ತೆಗೀತಿದ್ದೆ. ಈಗ್ಲೂ ದಿನಾ ಇಡ್ತೀನಿ. ನೋಡು ಹೆಂಗೆ ಗಟ್ಟಿಯಾದ್ವು!"

ಇಲ್ಲಿಗೆ ನನ್ನ ಪೆನ್ನು ನಿಂತಿತು. ಅಣ್ಣ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಓಂಕಾಳಿನ ಸತ್ವದಿಂದಲೇ ನುಸಿಗೆ ಔಷಧಿ ಮಾಡುತ್ತಾರೆ ಅಂತ ನೀನೇ ಒಮ್ಮೆ ಹೇಳಿದ್ದೆ. ಹತ್ತಿರ ಹತ್ತಿರ ಒಂದು ವರ್ಷದಿಂದ ಆ ಪೆಟ್ಟಿಗೆ ದಿನಾ ಔಷಧಿ ತಗೊಂಡಿದೆ. ಘಾಟು ನನ್ನ ಮೂಗಿಗೆ ಬಂದಿತ್ತು. ತನ್ಮಯಿಯ ಕೂಸಿಗೆ ಅಂದುಕೊಂಡೆ, ಕೇಳಲೂ ಇಲ್ಲ. ಆ ಕೂಸಿಗೆ ಶೀತವಾದದ್ದು ಒಂದು ವಾರ ಮಾತ್ರವಂತೆ. ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸಿತು. ಅಮ್ಮ ನನ್ನ ಮುಖ ನೋಡಿ, "ಯಾಕೇ, ತಪ್ಪಾಯ್ತಾ?" ಅಂದಳು. ಇಲ್ಲಮ್ಮ, ಮುಂದೆ ಹೇಳು ಅಂದೆ.

"ಗೇಟಿನದಕ್ಕೆ ಮಾಡಿದ್ನಲ್ಲ, ಆ ಬಚ್ಚಲ ಹಿಂದಿನದಕ್ಕೆ ಮಾತ್ರ ಇಡ್ಲಿಲ್ಲ. ಮಕ್ಕಳನ್ನ ಹೊರಗೆ ಹಾಕೋದನ್ನ ನಾನ್ಯಾಕೆ ಉಳಿಸ್ಲಿ? ನಿಮ್ಮಪ್ಪ ನಿನ್ ಬ್ಯಾಗ್ ಆಚೆ ಇಟ್ಟಾಗ ನಾನೂ ಮೂಗಿ ಹಂಗೆ ನಿಂತಿದ್ದೆ. ಒಂದ್ ಮಾತು ಆಡ್ಲಿಲ್ಲ. ಆ ಪೆಟ್ಟಿಗೆ ಮುಂದೆ ಪೊರಕೆ ಹಿಡ್ಕೊಂಡಾಗೆಲ್ಲ ಅದೇ ಕಣ್ಮುಂದೆ ಬರ್ತದೆ. ಸಂಕ್ರಾಂತಿ ಹೊತ್ತಿಗೆ ಎರಡು ತಿಂಗಳು ನಿಲ್ಲಿಸಿತ್ತು ಮುಂಡೇದು, ಆಮೇಲೆ ಮತ್ತೆ ಶುರು. ಇವತ್ತು ಬೆಳಿಗ್ಗೆನೂ ಒಂದು ಹಿಡಿ ಹೊರಗೆ ಹಾಕೈತೆ. ಗುಡಿಸಿ ಬಂದೇ ಕೂತಿದ್ದೀನಿ. ಬಾರಪ್ಪಾ ಮನೆಗೆ."

ಅಮ್ಮ ಒಲೆಯ ಹತ್ತಿರ ಹೋದಳು. ಈಗ ನಾನು.

ಹಿಸುಕಿದೆ ಅಣ್ಣ. ಅದು ಸುಳ್ಳಲ್ಲ. ಹೆಬ್ಬೆರಳು, ತೋರುಬೆರಳು. ಒಂದು ಸಲ ಮಾತು ಕೇಳೋಣ ಅಂತ ಕೇಳಿದ್ದು ಅದೇ ಸಲ. ಬಚ್ಚಲಿಗೆ ಹೋಗಿ ಸೋಪು ಹಾಕಿ ಎಷ್ಟು ಸಲ ಕೈ ತೊಳೆದೆನೋ. ವಾರ ಬಿಟ್ಟು ತೆರೆದಾಗ ಕಡಲೆಕಾಯಿಯಂಥ ಮೂರು ಗೂಡುಗಳಿದ್ದವು. ಕೀಳಲು ಕೈ ಬರಲಿಲ್ಲ. ಮುಚ್ಚಿಬಿಟ್ಟೆ. ನಿನಗೆ ಎಲ್ಲ ಮಾಡಿದೆ ಅಂತ ಬರೆದೆ. ಅದು ಸುಳ್ಳು.

ಅವಳ ಮಗಳು ಈಗ ಒಳಗಿದ್ದಾಳೆ. ತಾಯಿಯ ಕಾಲದ ಹುಳಗಳೆಲ್ಲ ಸತ್ತು ಮುಗಿದಿವೆ, ಎಸೆಯುತ್ತಿರುವುದು ಮಗಳ ಹುಳಗಳೇ. ಅಮ್ಮ ಈಗ ಅದನ್ನು ಬೈಯುತ್ತಿದ್ದಾಗ ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಆಮೇಲೆ ಓಡಿಹೋಗಿ ಕಸದ ಬುಟ್ಟಿ ಕೆದಕಿದೆ. ಸಿಕ್ಕಿದ ಮೊದಲ ಮರಿಯ ಹೊಟ್ಟೆಗೆ ನುಸಿ ಅಂಟಿತ್ತು.

ಅಮ್ಮನಿಗೆ ಓಂಕಾಳಿನ ವಿಷಯ ಏನು ಹೇಳಲಿ? ನನಗೆ ತೋಚುತ್ತಿಲ್ಲ. ನೀನೇ ಹೇಳು.

ಸುಮಾ

*

ಗುಂಡ್ಲುಪೇಟೆ ಹತ್ತಿರ
13 ಜುಲೈ 2025

ಸುಮಿ,

ಈ ಹಾಳೆ ನಿನಗೆ. ಇನ್ನೊಂದನ್ನು ಅಮ್ಮನಿಗೆ ಓದಿ ಹೇಳು.

ತಾಯಿಯ ಗುಣ ಮಗಳಿಗೆ ಎಷ್ಟು ಬಂದಿದೆಯೋ ಹೇಳಲಾರೆ. ಅವಳು ಕೂಡಿದ್ದು ಗೇಟಿನ ಗಂಡುಹುಳಗಳ ಜೊತೆ ಇರಬಹುದು. ಮೊಮ್ಮಕ್ಕಳ ಹೊತ್ತಿಗೆ ಅದೂ ತೆಳುವಾಗಬಹುದು. ಒಂದೇ ಪೆಟ್ಟಿಗೆ ನಂಬಿಕೊಂಡು ಎಲ್ಲವನ್ನೂ ಮೊದಲಿನಿಂದ ಕಟ್ಟಲು ಎಷ್ಟು ವರ್ಷವೋ. ಮೊದಲಿನ ಹಾಗೆ ಎದೆ ತಟ್ಟಿಕೊಂಡು ಹೇಳುವ ಧೈರ್ಯ ನನಗಿಲ್ಲ. ಆದರೂ ಜೇನಿಗೆ ಕೈಮುಗಿಯುವುದಿಲ್ಲ. ನೀನು ಕೀಳದೆ ಬಿಟ್ಟ ಆ ಮೂರು ಗೂಡಿಗೆ ನಾನು ಸಾಯುವವರೆಗೆ ಋಣಿ.

ಸಿದ್ದೇಶ್

ಅಮ್ಮ,

ನೀನು ಹೇಳಿದ ಹಾಗೇ ಓಂಕಾಳು ಹುರಿದು ಗಂಟು ಕಟ್ಟಿ ಐದು ಪೆಟ್ಟಿಗೆಗೂ ಇಟ್ಟೆ. ಎರಡು ಉಸಿರಾಡುತ್ತಿವೆ. ಡೇರೆಯೆಲ್ಲ ನಿನ್ನ ಕೈ ವಾಸನೆ. ನಾನು ಊಟ ಮಾಡುತ್ತಿದ್ದೇನೆ. ನೀನು ಏನೂ ತಪ್ಪು ಮಾಡಿಲ್ಲ. ಆದರೆ ಇನ್ನು ಮೇಲೆ ಗೇಟಿನದಕ್ಕೆ ಇಡುವಾಗ ಸುಮಿಗೆ ಹೇಳಿ ಇಡು. ಬಚ್ಚಲ ಹಿಂದಿನದಕ್ಕೆ ಮಾತ್ರ ಯಾವತ್ತೂ ಇಡಬೇಡ.

ಆ ಪೆಟ್ಟಿಗೆಯನ್ನು ಬೈಯಬೇಡ. ಅದಕ್ಕೂ ನಮ್ಮ ಮನೆಗೂ ಸಂಬಂಧವಿಲ್ಲ. ಹುಳ ಮಾಡುವುದು ಹುಳದ ಬುದ್ಧಿ, ಅಪ್ಪ ಮಾಡಿದ್ದು ಅಪ್ಪನ ಬುದ್ಧಿ. ನೀನು ನನ್ನನ್ನು ಹೊರಗೆ ಹಾಕಲಿಲ್ಲ. ಮಾತಾಡಲಿಲ್ಲ ಅಂತ ನನಗೆ ಸಿಟ್ಟಿತ್ತು, ಇನ್ನೂ ಸ್ವಲ್ಪ ಇದೆ. ಅದನ್ನು ಎದುರಿಗೇ ಕೂತು ಜಗಳವಾಡಿ ಮುಗಿಸೋಣ.

ಶುಕ್ರವಾರ ಬಸಪ್ಪಣ್ಣನ ಲಾರಿಯಲ್ಲಿ ನಾನೂ ಬರುತ್ತಿದ್ದೇನೆ. ಅವತ್ತೊಂದು ಬೆಳಿಗ್ಗೆ ಬಚ್ಚಲ ಹಿಂದೆ ಗುಡಿಸಬೇಡ. ಇರುವೆ ಬಂದರೆ ಓಡಿಸು. ಬಿದ್ದದ್ದು ಬಿದ್ದ ಹಾಗೇ ಇರಲಿ, ನಾನು ಬಂದು ನೋಡಬೇಕು.

ನಿನ್ನ ಸಿದ್ದು